ಶಾಲೆಯಲ್ಲಿ ಕನ್ನಡ ಬಾರದ ಚಂದ್ರಿಕಾ ಆಂಟಿ

ಆಕ್ಲೆಂಡಿನ ಹೆಂಡರ್ಸನ್ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ ಚಂದ್ರಿಕಾ ಆಂಟಿ ಸೋನಾ ಮಸೂರಿ ಮೂಟೆಗಳ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದರು. ಐವತ್ತು ದಾಟಿದ ಹೆಂಗಸು, ಮಂಡಿನೋವು ಬೇರೆ. ಒಂದು ಕೈಯಲ್ಲಿ ಕರಿಬೇವಿನ ಪೊಟ್ಟಣ, ಇನ್ನೊಂದು ಕೈಯ ಬೆರಳು ತುಟಿಯ ಮೇಲೆ. ಅದಕ್ಕೆ ಸ್ವಲ್ಪ ಮುಂಚೆ ಅವರ ದನಿ ಅಂಗಡಿಯ ಹೊರಗಿದ್ದ ನನಗೂ ಕೇಳಿಸಿತ್ತು.

"ಏನ್ರೀ ಶ್ರೀವತ್ಸ, ಇದು ಕರಿಬೇವೋ ಒಣಹುಲ್ಲೋ? ಇದನ್ನ ಒಗ್ಗರಣೆಗೆ ಹಾಕಿದ್ರೆ ಒಗ್ಗರಣೆಗೇ ಅವಮಾನ."

ನಾನು ಮಗಳು ಯಾಮಿನಿಯ ಕೈ ಹಿಡಿದು ಒಳಗೆ ಬಂದದ್ದೇ ತಡ, ಮಾತು ಅರ್ಧಕ್ಕೆ ನಿಂತಿತು, ಆಂಟಿ ಮಾಯವಾದರು. ಅಂಗಡಿಯ ಶ್ರೀವತ್ಸ ಕೌಂಟರಿನಿಂದ ಬಗ್ಗಿ ನೋಡಿದರು.

"ಯಾರಿಗೆ ಹೆದರಿಕೊಂಡ್ರಿ ಮೇಡಂ? ಪೊಲೀಸಾ?"

"ಶ್! ನನ್ನ ಸ್ಟೂಡೆಂಟು," ಎಂದು ಅಕ್ಕಿಮೂಟೆಯ ಹಿಂದಿನಿಂದ ಪಿಸುದನಿ ಬಂತು.

ನಾನು ಯಾಮಿನಿಯನ್ನು ಎಳೆದುಕೊಂಡು ಫ್ರೋಜನ್ ಪರೋಟದ ಕಡೆಗೆ ಹೋದೆ. ತಂಪಿನಲ್ಲಿ ಮಗುವಿಗೆ ಶೀತವಾದೀತು ಎಂಬ ಚಿಂತೆ ಒಂದು ಕಡೆ, ಆಂಟಿಯ ಮಂಡಿಯ ಚಿಂತೆ ಇನ್ನೊಂದು ಕಡೆ. ಎರಡು ಪ್ಯಾಕೆಟ್ ಬೇಡದ ಪರೋಟ ಕೊಂಡು ಹೊರಗೆ ಬಂದೆವು.

ಐದು ವರ್ಷದ ಹುಡುಗಿಗೆ ಅವಳ ಟೀಚರು ಹೆದರಬೇಕಾದ ಕಾರಣವನ್ನು ಹೇಳಬೇಕಾದರೆ ಮೊದಲು ಆ ಟೀಚರ ಕತೆ ಹೇಳಬೇಕು.

ಚಂದ್ರಿಕಾ ಆಂಟಿ ಮೈಸೂರಿನವರು. ತಂದೆ ಚನ್ನಬಸಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಪದವಿ ಮುಗಿಸಿ ಬೆಂಗಳೂರಿನಲ್ಲಿ ಯಂತ್ರಗಳ ಕಾರ್ಖಾನೆಯೊಂದರ ಆಫೀಸಿಗೆ ಸೇರಿದಾಗ ಅಲ್ಲಿಗೆ ಜರ್ಮನಿಯಿಂದ ಪೆಟ್ಟಿಗೆಗಟ್ಟಲೆ ಕೈಪಿಡಿಗಳು ಬರುತ್ತಿದ್ದವು, ಓದುವವರು ಮಾತ್ರ ಯಾರೂ ಇರಲಿಲ್ಲ. ಮ್ಯಾನೇಜರು "ಯಾರಾದರೂ ಜರ್ಮನ್ ಕಲಿಯುತ್ತೀರಾ?" ಎಂದಾಗ ಗಂಡಸರೆಲ್ಲ ಮೇಜು ನೋಡಿದರಂತೆ, ಆಂಟಿ ಕೈಯೆತ್ತಿದರಂತೆ. ಸಂಜೆ ಕ್ಲಾಸಿಗೆ ಹೋಗಿ ಹೋಗಿ, ಲೇತ್ ಯಂತ್ರಕ್ಕೆ ಎಣ್ಣೆ ಬಿಡುವುದು ಹೇಗೆ ಎಂಬ ಜರ್ಮನ್ ಮೊದಲು ಬಂತು, ನಮಸ್ಕಾರ ಹೇಳುವ ಜರ್ಮನ್ ಆಮೇಲೆ.

"ಆ ಭಾಷೆ ನಂಗೆ ಯಾಕೆ ಹಿಡಿಸ್ತು ಗೊತ್ತಾ?" ಎಂದು ಒಮ್ಮೆ ನನಗೆ ಹೇಳಿದ್ದರು. "ಇಂಗ್ಲಿಷಲ್ಲಿ ಯು ಅಂದ್ರೆ ನಾಯಿಗೂ ಯು, ಅಜ್ಜಿಗೂ ಯು. ಜರ್ಮನ್‌ನಲ್ಲಿ ನೀನು ಬೇರೆ, ನೀವು ಬೇರೆ. ಮನೆಗೆ ಬಂದ ಹಾಗಾಯ್ತು."

ಮೃತ್ಯುಂಜಯ ಅಂಕಲ್ ಅವರನ್ನು ಮದುವೆಯಾಗಿ, ಅವರ ಎಂಜಿನಿಯರ್ ಕೆಲಸದ ಹಿಂದೆ ಆಕ್ಲೆಂಡಿಗೆ ಬಂದಾಗ ಆಂಟಿಗೆ ಮಗ ಚೇತನ್ ಕೈಗೂಸು. ಹೆಂಡರ್ಸನ್ನಿನಲ್ಲಿ ಮನೆ ಹಿಡಿದ ಮೊದಲ ವಾರ ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುವಾಗ, ಮರದ ಹಲಗೆಯ ಹಳೆಯ ಬಂಗಲೆಯೊಂದರಿಂದ ಯಾರೋ ಜರ್ಮನ್‌ನಲ್ಲಿ ಮಕ್ಕಳನ್ನು ಗದರುವುದು ಕೇಳಿಸಿತು. ಗೇಟಿನ ಹತ್ತಿರ ನಿಂತು ಕೇಳಿದರು. ಒಳಗಿನಿಂದ ಬಂದವರೊಬ್ಬರು ಏನು ಬೇಕೆಂದು ಇಂಗ್ಲಿಷಿನಲ್ಲಿ ಕೇಳಿದಾಗ ಆಂಟಿ ಜರ್ಮನ್‌ನಲ್ಲಿ ಉತ್ತರ ಕೊಟ್ಟರು. ಯಂತ್ರದ ಕೈಪಿಡಿಯ ಜರ್ಮನ್, ಅಕ್ಷರ ಅಕ್ಷರಕ್ಕೂ ಶುದ್ಧ. ಆ ಹೆಂಗಸು ನಕ್ಕು ಗೇಟು ತೆಗೆದರು. ಆಕೆಯೇ ಫ್ರೌ ಲೋರೆನ್ಜ್, ಅಂದರೆ ಶ್ರೀಮತಿ ಲೋರೆನ್ಜ್, ಈಗ ಆ ಬಂಗಲೆಯಲ್ಲಿರುವ ಶಾಲೆಯ ಮುಖ್ಯಸ್ಥೆ.

ಎಂದೋ ಬಂದು ನೆಲೆಸಿದ ಜರ್ಮನ್ ಕುಟುಂಬಗಳು ತಮ್ಮ ಮಕ್ಕಳಿಗೆಂದು ಕಟ್ಟಿದ ಶಾಲೆ ಅದು. ಅವರ ಮೊಮ್ಮಕ್ಕಳೂ ಅಲ್ಲೇ ಓದಿದ್ದಾರೆ. ಬೆಳಿಗ್ಗೆ ಜರ್ಮನ್, ಮಧ್ಯಾಹ್ನ ಇಂಗ್ಲಿಷ್. ಆಂಟಿ ಮೊದಲು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಆಮೇಲೆ ಇಲ್ಲೇ ಟೀಚರ್ ಟ್ರೇನಿಂಗ್ ಮಾಡಿಕೊಂಡು, ಹೊಸದಾಗಿ ಬರುವ ಐದು ವರ್ಷದವರ ಜರ್ಮನ್ ಕೋಣೆಗೆ ಟೀಚರಾದರು.

ಹೆಸರಿನ ಗಲಾಟೆಯೂ ಆಗಿತ್ತು. ಜರ್ಮನ್ ಪದ್ಧತಿಯಲ್ಲಿ ಟೀಚರನ್ನು ಮನೆತನದ ಹೆಸರಿನಿಂದ ಕರೆಯಬೇಕು. ನಮ್ಮವರಿಗೆಲ್ಲಿಯ ಮನೆತನದ ಹೆಸರು? ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಇದ್ದದ್ದು ಅಪ್ಪನ ಹೆಸರು. ಹಾಗಾಗಿ ಆಂಟಿ ಮೊದಲ ವಾರವೆಲ್ಲ ಫ್ರೌ ಚನ್ನಬಸಪ್ಪ.

"ನಮ್ಮಪ್ಪ ಮನೇಲಿದ್ರೆ ನಾವು ಗಟ್ಟಿಯಾಗಿ ಸೀನ್ತಾ ಇರ್ಲಿಲ್ಲ," ಎಂದು ಆಂಟಿ ಈಗಲೂ ಕಣ್ಣರಳಿಸಿ ಹೇಳುತ್ತಾರೆ. "ಇಲ್ಲಿ ಐದು ವರ್ಷದ ಪಿಳ್ಳೆಗಳು 'ಚನ್ನಬಸಪ್ಪಾ, ನನಗೆ ಟಾಯ್ಲೆಟ್ಟು' ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ? ಫ್ರೌ ಲೋರೆನ್ಜ್‌ಗೆ ಹೇಳ್ದೆ, ನೋಡಮ್ಮ ತಾಯಿ, ಸಂಬಳ ಬೇಕಾದ್ರೆ ಕಮ್ಮಿ ಕೊಡಿ, ನಮ್ಮಪ್ಪನ್ನ ಬಿಟ್ಬಿಡಿ."

ಹೀಗೆ ಅವರು ಫ್ರೌ ಚಂದ್ರಿಕಾ ಆದರು. ಜರ್ಮನ್ ಮಕ್ಕಳ ಬಾಯಲ್ಲಿ ಫ್ರೌ ಶಾಂಡ್ರಿಕಾ.

ಯಾಮಿನಿಯನ್ನು ಆ ಶಾಲೆಗೆ ಸೇರಿಸಿದ್ದು ನನ್ನ ಗಂಡ ಯಶ್ವಂತ್‌ನಿಂದಾಗಿ. ಅವನ ಸಾಫ್ಟ್‌ವೇರ್ ಕಂಪನಿಯ ದೊಡ್ಡ ಆಫೀಸು ಜರ್ಮನಿಯಲ್ಲಿ, ಎಂದಾದರೂ ಅಲ್ಲಿಗೆ ಹೋಗಬೇಕಾಗಬಹುದು ಎಂಬ ಒಂದು ಮಾತು ಮನೆಯಲ್ಲಿ ಸದಾ ಓಡಾಡುತ್ತಿತ್ತು. 2014ರ ಮೇ ತಿಂಗಳು, ಇಲ್ಲಿಯ ಪದ್ಧತಿಯಂತೆ ಐದನೆಯ ಹುಟ್ಟುಹಬ್ಬದ ಮರುದಿನವೇ ಶಾಲೆ. ಮೊದಲ ದಿನ ಮಗುವಿನ ಕೈಗೆ ಅದರಷ್ಟೇ ಎತ್ತರದ ಬಣ್ಣದ ಕಾಗದದ ಪೊಟ್ಟಣ ಕೊಡುವುದು ಜರ್ಮನ್ನರ ಸಂಪ್ರದಾಯ. ಅದಕ್ಕೆ ತಿಂಡಿ, ಮಿಠಾಯಿ ತುಂಬಿಸುವುದು ತಾಯಿಯ ಕೆಲಸ. ಕಡಲೆಕಾಯಿ ಇರುವುದು ನಿಷಿದ್ಧ, ಗಟ್ಟಿ ಮಿಠಾಯಿ ಗಂಟಲಲ್ಲಿ ಸಿಕ್ಕೀತು, ಚಾಕೊಲೇಟಿಗೆ ಹಲ್ಲು ಹುಳುಕಾದೀತು. ಕೊನೆಗೆ ನಾನು ಅದರಲ್ಲಿ ಮೂರು ಜೊತೆ ಉಣ್ಣೆಯ ಕಾಲುಚೀಲ ತುರುಕಿದ್ದೆ. ಅತ್ತೆ ಬೆಂಗಳೂರಿನಿಂದ ವಿಡಿಯೋದಲ್ಲಿ ಎಲ್ಲವನ್ನೂ ನೋಡುತ್ತಿದ್ದರು.

"ಟೀಚರ್ ಯಾವ ದೇಶದೋರು?"

"ಮೈಸೂರಿನವರು ಅತ್ತೆ."

"ಜರ್ಮನ್ ಕಲೀಲಿ ಅಂತ ಅಷ್ಟು ದೂರ ಹೋಗಿ ಮೈಸೂರೋರ ಹತ್ರ ಸೇರಿಸಿದ್ಯಾ? ಇಲ್ಲೇ ಮೈಸೂರಿನ ನಂಜನಗೂಡು ರಸ್ತೇಲಿ ಸೇರಿಸಬಹುದಿತ್ತಲ್ಲೇ."

ಅತ್ತೆ ತಮಾಷೆಗೆ ಹೇಳಿದ್ದು. ನಿಜವಾದ ತೊಡಕು ಬೇರೆಯೇ ಇತ್ತು. ಇಲ್ಲಿಯ ನಮ್ಮ ಮಕ್ಕಳು ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಯಾಮಿನಿ ಹಾಗಲ್ಲ, ಅದೇ ಅತ್ತೆ ಬಂದು ವರ್ಷಗಟ್ಟಲೆ ಜೊತೆಗಿದ್ದು ಬೆಳೆಸಿದ ಮಗು, ನಿದ್ದೆಯಲ್ಲೂ ಕನ್ನಡ. ಶಾಲೆಯ ಪದ್ಧತಿಯೇನೆಂದರೆ ಒಬ್ಬರಿಗೆ ಒಂದೇ ಭಾಷೆ. ಈ ಟೀಚರ ಜೊತೆ ಜರ್ಮನ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಮಗುವಿಗೆ ಅನ್ನಿಸಿದರೆ ತಾನಾಗಿ ಬಾಯಿ ಬಿಡುತ್ತದೆ ಎಂಬುದು ಅವರ ಅನುಭವ. ಸೇರಿಸುವ ಮೊದಲೇ ಆಂಟಿ ನನಗೆ ಫೋನ್ ಮಾಡಿದ್ದರು.

"ಸ್ಮೃತಿ, ನಾನು ಕನ್ನಡದೋಳು ಅಂತ ಅವಳಿಗೆ ಗೊತ್ತಾಗಬಾರದು ಕಣಮ್ಮ. ಗೊತ್ತಾದ ದಿನ ನಮ್ಮ ಜರ್ಮನ್ ಮುಗೀತು. ನನಗೂ ಅವಳಿಗೂ ಬೆಳಗಿನಿಂದ ಕನ್ನಡದಲ್ಲೇ ಹರಟೆ."

"ನೀವು ಇಂಡಿಯನ್ ಅಂತ ನೋಡಿದ್ರೆ ಗೊತ್ತಾಗಲ್ವಾ ಆಂಟಿ?"

"ಇಂಡಿಯನ್ ಅಂತ ಗೊತ್ತಾಗ್ಲಿ. ಹೆಂಡರ್ಸನ್ ತುಂಬ ಪಂಜಾಬಿಗಳು, ಫಿಜಿಯವರು. ಯಾರಿಗೆ ಕನ್ನಡ ಬರತ್ತೆ?"

ಆಂಟಿಗೆ ಇದು ಸುಲಭದ ವ್ರತವಾಗಿರಲಿಲ್ಲ. ಮಗ ಚೇತನ್ ಡನೀಡಿನ್‌ನಲ್ಲಿ ಮೆಡಿಸಿನ್ ಓದುತ್ತಿದ್ದ, ಫೋನಿನಲ್ಲಿ ಇವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವನದು "ಯಾ ಮಮ್, ಆಲ್ ಗುಡ್." ಮೃತ್ಯುಂಜಯ ಅಂಕಲ್ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದರಲ್ಲಿ ಎರಡು ಹವಾಮಾನದ ಬಗ್ಗೆ. ಆಂಟಿಯ ಕನ್ನಡವೆಲ್ಲ ಉಳಿದು, ಮಾಗಿ, ಹೊರಗೆ ಬರುತ್ತಿದ್ದದ್ದು ನವೆಂಬರಿನಲ್ಲಿ, ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ವೇದಿಕೆಯ ಮೇಲೆ. ಎಷ್ಟೋ ವರ್ಷಗಳಿಂದ ನಿರೂಪಣೆ ಅವರದೇ. ಹಾಡುವವರು ತಡಮಾಡಿದರೆ, ಮೈಕು ಕೆಟ್ಟರೆ, ವೇಷದ ಮೀಸೆ ಬಿದ್ದರೆ ಜನಕ್ಕೆ ಇನ್ನೂ ಖುಷಿ. ಅಷ್ಟು ಹೊತ್ತು ಆಂಟಿ ಮಾತಾಡುತ್ತಾರಲ್ಲ. "ವರ್ಷದಲ್ಲಿ ಒಂದು ಸಂಜೆ ನನ್ನ ಬಾಯಿ ನನ್ನದು," ಎನ್ನುತ್ತಿದ್ದರು.

ಅದೇ ರಾಜ್ಯೋತ್ಸವದಲ್ಲಿ ಈ ಸಲ ಯಾಮಿನಿಯ ಕೋಲಾಟವೂ ಇತ್ತು. ಗದ್ದಲಕ್ಕೆ ಹೆದರೀತೆಂದು ಅದುವರೆಗೆ ನಾನು ಮಗುವನ್ನು ಅಲ್ಲಿಗೆ ಕರೆದೊಯ್ದಿರಲಿಲ್ಲ.

ಜೂನ್ ಬಂತು. ಜರ್ಮನಿಯಲ್ಲಿ ಮಕ್ಕಳು ಕಾಗದದ ಲಾಂದ್ರ ಹಿಡಿದು ಮೆರವಣಿಗೆ ಹೋಗುವುದು ನವೆಂಬರಿನಲ್ಲಿ. ಇಲ್ಲಿ ನವೆಂಬರೆಂದರೆ ರಾತ್ರಿ ಎಂಟಾದರೂ ಬಿಸಿಲು, ಅದಕ್ಕೇ ಶಾಲೆಯ ಹಿರಿಯರು ಹಬ್ಬವನ್ನೇ ಎತ್ತಿ ಚಳಿಗಾಲದ ಜೂನಿಗೆ ತಂದಿಟ್ಟಿದ್ದರು. ಮಕ್ಕಳೆಲ್ಲ ಜರ್ಮನ್ ಹಾಡು ಹೇಳುತ್ತ ನಡೆದರು. ಯಾಮಿನಿ ಲಾಂದ್ರವನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಬಿಗಿದುಕೊಂಡು ನಡೆದಳು. ಆಟದ ಬಯಲಿನಲ್ಲಿ ಇಂಗ್ಲಿಷ್ ಧಾರಾಳ, ಮಧ್ಯಾಹ್ನದ ಇಂಗ್ಲಿಷ್ ಕ್ಲಾಸಿನಲ್ಲಿ ಅವಳದೇ ದರ್ಬಾರು, ಜರ್ಮನ್ ಕೋಣೆಯ ಬಾಗಿಲು ದಾಟಿದರೆ ಮಾತ್ರ ಮೂಕಿ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಿದ್ದೆಲ್ಲ ಮಾಡುತ್ತಿದ್ದಳು. ಬಾಯಿ ಮಾತ್ರ ಬಿಡಳು.

ನಾನು ಕಿವಿ ಡಾಕ್ಟರಿಗೆ ತೋರಿಸಿದೆ, ಗಂಟಲು ಡಾಕ್ಟರಿಗೆ ತೋರಿಸಿದೆ. ಮೂರು ಭಾಷೆಯ ಭಾರಕ್ಕೆ ಮಗುವಿನ ತಲೆಯೊಳಗೆ ಏನಾದರೂ ಕದಡಿತೇ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ, ಸಿಕ್ಕಿದ್ದನ್ನೆಲ್ಲ ಓದಿ, ಇನ್ನಷ್ಟು ಹೆದರಿದೆ. ಸೆಪ್ಟೆಂಬರಿನಲ್ಲಿ ಫ್ರೌ ಲೋರೆನ್ಜ್ ನಮ್ಮನ್ನು ಕರೆಸಿ ಮೆತ್ತಗೆ ಹೇಳಿದರು: ವರ್ಷದ ಕೊನೆಗೂ ಹೀಗೇ ಇದ್ದರೆ ಪಕ್ಕದ ಮಾಮೂಲು ಇಂಗ್ಲಿಷ್ ಶಾಲೆಯೇ ಅವಳಿಗೆ ಹಿತವೋ ಏನೋ, ಯೋಚಿಸೋಣ.

ಆ ವಾರವೇ ಆಂಟಿ, ಬಳಗದ ಅಧ್ಯಕ್ಷ ಮಂಜುನಾಥ್ ಅವರಿಗೆ ಈ ಸಲ ತಾನು ನಿರೂಪಣೆ ಮಾಡುವುದಿಲ್ಲ, ರಾಜ್ಯೋತ್ಸವಕ್ಕೇ ಬರುವುದಿಲ್ಲ ಎಂದು ಹೇಳಿಬಿಟ್ಟರು. ನನಗೆ ಸಂಕಟವಾಯಿತು. "ಕೋಲಾಟಾನೇ ಬಿಡಿಸ್ತೀನಿ ಆಂಟಿ, ನೀವು ಹೋಗಿ," ಎಂದೆ.

"ಮಗು ಎರಡು ತಿಂಗಳಿಂದ ಕೋಲು ಕುಟ್ತಾ ಇದೆ, ಅದರ ಕೋಲು ಕಿತ್ಕೋತೀಯಾ? ಸುಮ್ನಿರು. ಈಗ ತಾನೇ ಬಾಯಿ ಬಿಡೋ ಹಂತ ಬಂದಿರಬಹುದು, ನಾನು ಮೈಸೂರು ಸಿಲ್ಕ್ ಉಟ್ಕೊಂಡು 'ಸಿರಿಗನ್ನಡಂ ಗೆಲ್ಗೆ' ಅಂತ ಕೂಗಿದ್ರೆ ಎಲ್ಲಾ ನೀರುಪಾಲು."

ದನಿ ಹಗುರವಾಗಿಯೇ ಇತ್ತು. ಆದರೆ ಫೋನಿಡುವ ಮೊದಲು, "ಆ ಮಂಜುನಾಥ್ ತಾನೇ ಮೈಕ್ ಹಿಡೀತಾರಂತೆ. 'ಈಗ ಹಾಡು, ಆಮೇಲೆ ಡ್ಯಾನ್ಸು, ಆಮೇಲೆ ಊಟ', ಮುಗೀತು ಅವರ ನಿರೂಪಣೆ," ಎಂದು ಹೇಳಿ, ನಗುವುದನ್ನು ಮರೆತರು.

ಅಕ್ಟೋಬರಿನ ಕೊನೆಯ ಒಂದು ಭಾನುವಾರ ಕೋಲಾಟದ ಪ್ರಾಕ್ಟೀಸು ಮುಗಿಸಿ ಕಾರಿನಲ್ಲಿ ಬರುತ್ತಿದ್ದೆವು. ಹಿಂದಿನ ಸೀಟಿನಿಂದ ಯಾಮಿನಿ ಕೇಳಿದಳು.

"ಅಮ್ಮ, ಮಂಜುನಾಥ್ ಅಂಕಲ್ ಸ್ಪೀಚ್ ಬೋರಿಂಗ್. ಫ್ರೌ ಶಾಂಡ್ರಿಕಾ ಯಾಕೆ ಮಾಡಲ್ಲ?"

"ಅವರಿಗೆಲ್ಲಿ ಕನ್ನಡ ಬರತ್ತೆ ಚಿನ್ನಾ? ಅವರು ಜರ್ಮನ್ ಟೀಚರ್."

"ಬರತ್ತೆ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅವರು 'ಫೆರ್ಟಿಗಾ?' ಅಂತಾರೆ."

ಫೆರ್ಟಿಗ್ ಎಂದರೆ ಜರ್ಮನ್‌ನಲ್ಲಿ ಮುಗಿಯಿತು ಎಂದು, ಅಷ್ಟು ನನಗೂ ಗೊತ್ತಿತ್ತು. "ಅದು ಜರ್ಮನ್ನೇ ಅಲ್ವಾ?"

"ಫೆರ್ಟಿಗ್ ಜರ್ಮನ್. 'ಆ' ಕನ್ನಡ," ಎಂದಳು, ದಡ್ಡಿಗೆ ಹೇಳುವಂತೆ. "ಫ್ರೌ ಲೋರೆನ್ಜ್ 'ಆ' ಅನ್ನಲ್ಲ. ನೀನು ಅಂತೀಯ, ಅಪ್ಪ ಅಂತಾರೆ, ಅಜ್ಜಿ ಅಂತಾರೆ. ಊಟ ಆಯ್ತಾ, ಹಾಲು ಸಾಕಾ. ಫ್ರೌ ಶಾಂಡ್ರಿಕಾನೂ ಹಾಗೇ. ಹುಂಗ್ರಿಗಾ? ಕಾಲ್ಟಾ? ಮ್ಯೂಡೇನಾ?"

ಹಸಿವಾ, ಚಳೀನಾ, ಸುಸ್ತಾ. ನಾನು ಕಾರನ್ನು ಬೇಕರಿಯೊಂದರ ಎದುರು ಪಕ್ಕಕ್ಕೆ ನಿಲ್ಲಿಸಿದೆ. ಹಾಗೇ ಓಡಿಸಿದ್ದರೆ ಯಾವುದಾದರೂ ಕಂಬಕ್ಕೆ ಗುದ್ದುತ್ತಿದ್ದೆನೇನೋ.

"ಮತ್ತೆ... ನೀನು ಕ್ಲಾಸಲ್ಲಿ ಯಾಕೆ ಪುಟ್ಟಾ ಮಾತಾಡಲ್ಲ?"

ಅವಳು ಕೋಲಿನ ತುದಿಯ ಗೊಂಡೆಯನ್ನು ತಿರುಚುತ್ತ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು. ಮೊದಲ ದಿನ ಫ್ರೌ ಲೋರೆನ್ಜ್ ಕೋಣೆಗೆ ಬಂದು, ಇಲ್ಲಿ ಜರ್ಮನ್ ಮಾತ್ರ ಎಂದು ಎಲ್ಲರಿಗೂ ಹೇಳಿದ್ದರಂತೆ. ಫ್ರೌ ಶಾಂಡ್ರಿಕಾ ಕನ್ನಡ ಬಚ್ಚಿಟ್ಟುಕೊಂಡಿದ್ದಾರೆ. ಅಂಗಡಿಯಲ್ಲಿ ಅಕ್ಕಿಮೂಟೆ ಹಿಂದೆ ಬಚ್ಚಿಟ್ಟುಕೊಂಡಾಗ ಅವರ ಕೆಂಪು ಶೂ ಕಾಣಿಸುತ್ತಿತ್ತಂತೆ.

"ನಾನು ಬಾಯಿ ತೆಗೆದ್ರೆ ಮೊದ್ಲು ಕನ್ನಡ ಬರತ್ತೆ ಅಮ್ಮ. ಆಮೇಲೆ ಜರ್ಮನ್. ಕನ್ನಡ ಬಂದ್ರೆ ಅವರೂ ಕನ್ನಡದಲ್ಲಿ ಹೇಳಿಬಿಡ್ತಾರೆ. ಆಗ ಫ್ರೌ ಲೋರೆನ್ಜ್ ಅವರನ್ನ ಕಳಿಸಿಬಿಡ್ತಾರೆ."

ಆರು ತಿಂಗಳು ನನ್ನ ಮಗಳು ಬಾಯಿ ಮುಚ್ಚಿಕೊಂಡು ತನ್ನ ಟೀಚರ ಕೆಲಸ ಕಾಪಾಡುತ್ತಿದ್ದಳು.

ಮನೆಗೆ ಬಂದವಳೇ ಆಂಟಿಗೆ ಫೋನ್ ಮಾಡಿದೆ.

"ಆಂಟಿ, ಹಸಿವಾಗ್ತಿದ್ಯಾ ಅಂತ ಕ್ಲಾಸಲ್ಲಿ ಹೇಗೆ ಕೇಳ್ತೀರಾ?"

"ಇದೇನೇ ಪರೀಕ್ಷೆ? 'ಬಿಸ್ಟ್ ಡೂ ಹುಂಗ್ರಿಗ್?' ಅಂತ."

"ಅವಸರದಲ್ಲಿದ್ದಾಗ?"

"ಅವಸರದಲ್ಲಿ ಅಷ್ಟುದ್ದ ಯಾರು ಹೇಳ್ತಾರೆ, ಹುಂಗ್ರಿಗಾ... ಅಯ್ಯೋ ಶಿವನೇ!"

ನಾನು ಕಾರಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಆಂಟಿ ನಗುತ್ತ ನಗುತ್ತ ಕೆಮ್ಮಿದರು.

"ಇಷ್ಟು ವರ್ಷ ಈ ಮಕ್ಕಳಿಗೆಲ್ಲ ಮೈಸೂರು ಜರ್ಮನ್ ಹೇಳಿಕೊಟ್ಟಿದೀನಾ ನಾನು? ಫೆಲಿಕ್ಸ್ ಅಂತ ಒಬ್ಬ ಹುಡುಗ, ಅವನ ಅಜ್ಜಿ ಹ್ಯಾಂಬರ್ಗಿಂದ ಬಂದಾಗ ಕೇಳಿದ್ರು ಕಣೆ, ಇವನು ಎಲ್ಲ ಮಾತಿನ ಕೊನೇಲೂ ಆ ಅಂತ ಎಳೀತಾನಲ್ಲ, ಇದು ನ್ಯೂಜಿಲೆಂಡಿನ ಅಭ್ಯಾಸವಾ ಅಂತ. ಇರಬಹುದು ಅಂದುಬಿಟ್ಟೆ!"

ಹಿಂದಿನಿಂದ ಮೃತ್ಯುಂಜಯ ಅಂಕಲ್ ದನಿ ಕೇಳಿಸಿತು. "ಪಾಪ, ನ್ಯೂಜಿಲೆಂಡಿನವರ ತಲೆ ಮೇಲೆ ಹಾಕಿದ್ಯಾ." ಅದು ಅವರ ಆ ದಿನದ ಐದನೆಯ ಮಾತೇ ಇರಬೇಕು.

ಆಮೇಲೆ ಆಂಟಿ ಮೂಗು ಒರೆಸಿಕೊಂಡ ಸದ್ದು. "ನನ್ನ ಕಾಯ್ತಾ ಇತ್ತಾ ಅದು?" ಎಂದರು. "ನಾನು ಅದನ್ನ ಕಾಯ್ತಿದೀನಿ ಅಂದ್ಕೊಂಡಿದ್ದೆ."

ಮರುದಿನ ಬೆಳಿಗ್ಗೆ ನಾನು ಜರ್ಮನ್ ಕೋಣೆಯ ಬಾಗಿಲಲ್ಲೇ ನಿಂತೆ. ಈಗಲಾದರೂ ಆಂಟಿ ಕನ್ನಡದಲ್ಲಿ ಮಾತಾಡಿಸುತ್ತಾರೆ ಎಂದುಕೊಂಡಿದ್ದೆ. ಅವರು ನೋವಿನ ಮಂಡಿಯನ್ನು ಚಾಪೆಗೆ ಊರಿ, ಯಾಮಿನಿಯ ಎದುರು ಕೂತು, ಜರ್ಮನ್‌ನಲ್ಲೇ ನಿಧಾನವಾಗಿ ಹೇಳಿದರು. ಅವರು ಏನು ಹೇಳಿದರೆಂದು ನನಗೆ ಆಮೇಲೆ ತಿಳಿಯಿತು: ನನಗೆ ಎರಡು ಭಾಷೆ ಇವೆ, ನಿನಗೂ ಇವೆ. ಬೆಳಿಗ್ಗೆ ಈ ಕೋಣೆಯಲ್ಲಿ ಇದು, ಮನೆಯಲ್ಲಿ ಅದು. ಯಾರೂ ಯಾರನ್ನೂ ಕಳಿಸುವುದಿಲ್ಲ.

ಯಾಮಿನಿ ಬಾಗಿಲ ಕಡೆ ನೋಡಿದಳು, ಕಿಟಕಿಯ ಕಡೆ ನೋಡಿದಳು. ಆಂಟಿಯ ಕಿವಿಯ ಹತ್ತಿರ ಬಾಯಿ ತಂದಳು. ಗುಟ್ಟೆಂದು ಹೇಳಿದ್ದು ಇಡೀ ಕೋಣೆಗೆ ಕೇಳಿಸಿತು.

"ವೈಸ್ ಫ್ರೌ ಲೋರೆನ್ಜ್ ಡಾಸ್?"

ಫ್ರೌ ಲೋರೆನ್ಜ್‌ಗೆ ಇದು ಗೊತ್ತಾ? ಅದು ಅವಳ ಮೊದಲ ಜರ್ಮನ್ ಮಾತು; ತಪ್ಪಿಲ್ಲದೆ, ಪೂರ್ತಿಯಾಗಿ.

ಗೊತ್ತು, ಆಕೆ ನಮ್ಮ ಮನೆಗೆ ಬಂದು ಎರಡು ಸಲ ಹಾಕಿಸಿಕೊಂಡು ಬಿಸಿಬೇಳೆ ಬಾತ್ ತಿಂದಿದ್ದಾರೆ ಎಂದರು ಆಂಟಿ.

ಯಾಮಿನಿಯ ಕಣ್ಣು ಅಗಲವಾಯಿತು. ನಿಜವಾಗಿಯೂ ಎನ್ನುವುದಕ್ಕೆ ಜರ್ಮನ್‌ನಲ್ಲಿ ವಿರ್ಕ್ಲಿಶ್ ಎಂಬ ಮಾತಿದೆಯಂತೆ.

"ವಿರ್ಕ್ಲಿಶಾ?" ಎಂದಳು.

ಆಂಟಿ ತಲೆ ತಗ್ಗಿಸಿ, ಭುಜ ಕುಲುಕಿಸುತ್ತ ನಕ್ಕರು. ತಿದ್ದಲಿಲ್ಲ. ನಾನು ಹೊರಗೆ ಬಂದು ಚಪ್ಪಲಿ ಗೂಡಿನ ಪಕ್ಕದ ಬೆಂಚಿನ ಮೇಲೆ ಕೂತು, ಯಶ್ವಂತ್‌ಗೆ ಫೋನ್ ಮಾಡಿ, ಏನೂ ಹೇಳಲಾಗದೆ ಅತ್ತುಬಿಟ್ಟೆ. ಮಗುವಿಗೆ ಏಟಾಯಿತೇನೋ ಎಂದು ಅವನು ಆಫೀಸಿನಿಂದ ಹೊರಟೇಬಿಟ್ಟಿದ್ದ.

ನವೆಂಬರಿನ ಶನಿವಾರ ಚಂದ್ರಿಕಾ ಆಂಟಿ ಹಸಿರು ಮೈಸೂರು ಸಿಲ್ಕ್ ಉಟ್ಟು ವೇದಿಕೆಯ ಮೇಲಿದ್ದರು. ಮಂಜುನಾಥ್ ಮೈಕನ್ನು ಅವರ ಕೈಗಿಟ್ಟು, "ಬದುಕಿದೆ ಮೇಡಂ," ಎಂದು ಊಟದ ಉಸ್ತುವಾರಿಗೆ ಓಡಿದರು. ಮೂರು ಹಾಡಿನ ನಡುವೆ ಸಿಗುವ ಎರಡು ಸಂದಿಯಲ್ಲಿ ಆಂಟಿ ಒಂದು ವರ್ಷದ ಮಾತು ಆಡಿದರು. ಕೋಲಾಟದಲ್ಲಿ ಯಾಮಿನಿಯ ಕೋಲು ಒಂದು ಸಲ ಕೈತಪ್ಪಿ ಮುಂದಿನ ಸಾಲಿನವರ ಮಡಿಲಿಗೆ ಹಾರಿತು. "ನಮ್ಮ ಹುಡುಗೀರು ಕನ್ನಡಕ್ಕಾಗಿ ಕೋಲು ಬರೀ ಎತ್ತೋದಿಲ್ಲ, ಎಸೆದೇಬಿಡ್ತಾರೆ," ಎಂದರು ಆಂಟಿ. ಹಾಲ್ ತುಂಬ ನಗು. ಯಾರ ಕಣ್ಣಿಗೂ ತಾಗಲಿಲ್ಲವಲ್ಲ ಎಂದು ನಾನು ಎದ್ದು ಹೋಗಿ ವಿಚಾರಿಸಿಕೊಂಡು ಬಂದೆ.

ಊಟದ ಹೊತ್ತಿಗೆ ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸಲು ನಿಂತಿದ್ದರು, ಪಕ್ಕದಲ್ಲಿ ಸಾರಿನ ಸೌಟು ಹಿಡಿದ ಮಂಜುನಾಥ್. ಯಾಮಿನಿ ತಟ್ಟೆ ಹಿಡಿದುಕೊಂಡು ಸಾಲಿನಲ್ಲಿ ಬಂದಳು. ಅಂದು ಆಂಟಿಯನ್ನು ತಡೆಯುವವರು ಯಾರು?

"ಬಾರೇ ನನ್ನ ಬಂಗಾರ, ಎಷ್ಟು ಚೆನ್ನಾಗಿ ಕುಣಿದೆ! ಏನು ಹಾಕಲಿ ನಿಂಗೆ, ಪುಳಿಯೋಗರೆಯಾ, ಮೊಸರನ್ನವಾ?"

ಯಾಮಿನಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಹುಬ್ಬು ಗಂಟಿಕ್ಕಿ, ಒಂದು ಕೈ ಸೊಂಟಕ್ಕಿಟ್ಟು, ಸಾಲಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಜರ್ಮನ್‌ನಲ್ಲಿ ಏನೋ ಹೇಳಿದಳು. ನಡುವೆ ಒಂದೆರಡು ಸಲ "ನೈನ್", ಅಂದರೆ ಇಲ್ಲ, ಎಂಬುದು ಮಾತ್ರ ನನಗೆ ಸಿಕ್ಕಿತು.

"ಏನಂತೆ ಮೇಡಂ?" ಎಂದರು ಮಂಜುನಾಥ್, ಸೌಟು ಅಲ್ಲೇ ನಿಲ್ಲಿಸಿ.

"ತನ್ನ ಹತ್ರ ಕನ್ನಡ ಮಾತಾಡಕೂಡದಂತೆ," ಎಂದರು ಆಂಟಿ. "ರಾಜ್ಯೋತ್ಸವದ ದಿನ!"

ಆಮೇಲೆ ಬಗ್ಗಿ, ವಿಧೇಯರಾಗಿ, ಮೊಸರನ್ನದಲ್ಲಿರುವ ಒಗ್ಗರಣೆಯ ಮೆಣಸಿನಕಾಯಿ ತೆಗೆಯಬೇಕೋ ಬೇಡವೋ ಎಂದು ಜರ್ಮನ್‌ನಲ್ಲಿ ವಿಚಾರಿಸತೊಡಗಿದರು.